ಒಂಬತ್ತಡಿ ಉಣ್ಣೆ

ಇದು ನಡೆದದ್ದೇ. ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ನನ್ನ ನಾಲಿಗೆ ಕುದಿಯುವ ಹಾಲಿಗೆ ಬೀಳಲಿ, ಅದೂ ಕೆನೆ ತೆಗೆದ ಹಾಲಿಗೆ. ಆ ಡೇರಿ ಈಗಲೂ ಇದೆ, ಗೇಟು ಇದೆ, ಗೇಟಿನ ಪಕ್ಕದಲ್ಲಿ ಕಾರ್ಡು ಒತ್ತುವ ಯಂತ್ರ ಇದೆ. ನಂಬಿಕೆ ಬರದಿದ್ದರೆ ಹೋಗಿ ನೋಡಿಕೊಂಡು ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ.

ಆ ಡೇರಿಯಲ್ಲಿ ಪೈಪು ಸುತ್ತುವವನೊಬ್ಬನಿದ್ದ. ಬಾಯ್ಲರಿನಿಂದ ಬರುವ ಪೈಪಿನ ಬಿಸಿ ಹೊರಗೆ ಹೋಗದ ಹಾಗೆ, ತಣ್ಣೀರಿನ ಪೈಪಿಗೆ ಹೊರಗಿನ ಬಿಸಿ ತಾಗದ ಹಾಗೆ ಉಣ್ಣೆ ಸುತ್ತಿ ಹುರಿಯಿಂದ ಬಿಗಿಯುವುದು ಅವನ ಕೆಲಸ. ಆಳು ಆರಡಿ ಎರಡಿಂಚು, ಮೈಯಲ್ಲಿ ಮಾಂಸ ಹೆಸರಿಗೆ ಮಾತ್ರ. ಮೇಲಿನ ಪೈಪಿಗೂ ನಿಂತಲ್ಲಿಂದಲೇ ಕೈ ಎಟುಕುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಏಣಿ ಅನ್ನುತ್ತಿದ್ದರು. ಸಂಬಳದ ದಿನ ನಿಜವಾದ ಹೆಸರು ಕೂಗಿದರೆ ಅವನೇ ಹಿಂದೆ ತಿರುಗಿ ಯಾರಪ್ಪ ಅದು ಎಂದು ನೋಡುತ್ತಿದ್ದ.

ಅವನ ಹೆಂಡತಿಯೂ ಅದೇ ಡೇರಿಯಲ್ಲಿ, ಹಾಲಿನ ಪ್ಯಾಕೆಟ್ ತುಂಬುವ ಯಂತ್ರದ ಮುಂದೆ. ನಾಲ್ಕಡಿ ಹತ್ತಿಂಚು. ಗಂಡನ ಪಕ್ಕ ನಿಂತರೆ ಏಣಿಗೆ ಒರಗಿಸಿಟ್ಟ ಚೊಂಬಿನ ಹಾಗೆ ಕಾಣುತ್ತಿದ್ದಳು. ಇವನದು ಹಗಲು ಪಾಳಿ, ಅವಳದು ರಾತ್ರಿ ಪಾಳಿ. ಪಾಳಿ ಅಂದರೆ ಹನ್ನೆರಡು ಗಂಟೆ. ಬೆಳಿಗ್ಗೆ ಆರಕ್ಕೆ ಇವನು ಒಳಗೆ, ಅವಳು ಹೊರಗೆ. ಸಂಜೆ ಆರಕ್ಕೆ ಅವಳು ಒಳಗೆ, ಇವನು ಹೊರಗೆ. ನಡುವೆ ಗೇಟಿನಲ್ಲಿ ಐದು ನಿಮಿಷ. ಅಷ್ಟರಲ್ಲಿ ಮನೆಯ ಕೀಲಿ ಕೈ ಬದಲಾಗಬೇಕು, ಊಟದ ಡಬ್ಬಿ ಬದಲಾಗಬೇಕು, ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ತಿಳಿಯಬೇಕು. ಫೋನಿನಲ್ಲಿ ಮಾತಾಡೋಣ ಅಂದರೆ ಫೋನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು, ಹಾಲಿಗೆ ಬಿದ್ದೀತೆಂದು. ಆರು ವರ್ಷದಿಂದ ಅವರ ಸಂಸಾರ ನಡೆದದ್ದು ಆ ಗೇಟಿನಲ್ಲಿ.

ವಾರದ ರಜೆಯೂ ಅಷ್ಟೇ. ಇವನಿಗೆ ಭಾನುವಾರ, ಆ ಹಗಲು ಅವಳು ನಿದ್ದೆ ಮಾಡುತ್ತಿರುತ್ತಾಳೆ, ಇವನು ಮನೆಯಲ್ಲೇ ಕಳ್ಳನ ಹಾಗೆ ತುದಿಗಾಲಲ್ಲಿ ಓಡಾಡಬೇಕು. ಅವಳಿಗೆ ಬುಧವಾರ, ಆ ರಾತ್ರಿ ತವರಿಗೆ ಹೋಗಿ ಹಾಸಿಗೆ ಹಿಡಿದ ಅಮ್ಮನ ಹತ್ತಿರ ಕೂರಬೇಕು, ಉಳಿದ ಆರು ರಾತ್ರಿ ಅವಳ ತಮ್ಮ ಕೂರುತ್ತಾನೆ. ಮನೆಯಲ್ಲಿ ಒಂದೇ ಮಂಚ. ಸಂಜೆ ಇವನು ಹೋದರೆ ದಿಂಬಿನಲ್ಲಿ ಅವಳ ತಲೆಯ ಗುಳಿ ಇರುತ್ತಿತ್ತು. ಅದನ್ನು ಅಳಿಸಬಾರದೆಂದು ಏಣಿ ಮಂಚದ ಅಂಚಿಗೆ ಸರಿದು ಮಲಗುತ್ತಿದ್ದ. ಅಷ್ಟು ಉದ್ದದ ಆಳು, ಅರ್ಧ ಮೈ ಮಂಚದ ಹೊರಗೆ.

ಗೋಡೆಯ ಆ ಕಡೆ ಓನರಮ್ಮ ಇದ್ದಳು. ಗೋಡೆ ಅಂದರೆ ಬರೀ ಹಲಗೆ. ಇವನು ಈ ಕಡೆ ಸೀನಿದರೆ ಆ ಕಡೆಯಿಂದ "ಬಿಸಿನೀರು ಕುಡೀಪ್ಪ" ಎಂಬ ಉತ್ತರ ಬರುತ್ತಿತ್ತು. ಮಕ್ಕಳು ಯಾವಾಗ ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದವಳೂ ಅವಳೇ. ಒಂದು ಸಲ ಏಣಿಯ ಹೆಂಡತಿಗೆ ತಡೆಯಲಾಗಲಿಲ್ಲ. "ಕೀಲಿ ಕೈ ಬದಲಾಯಿಸಿದ್ರೆ ಮಕ್ಕಳಾಗಲ್ಲ ಓನರಮ್ಮ" ಅಂದಳು. ಆಮೇಲೆ ಓನರಮ್ಮ ಎರಡು ತಿಂಗಳು ಆ ಮಾತೆತ್ತಲಿಲ್ಲ.

ಹೆಂಡತಿಗೆ ಹೇಳಬೇಕಾದ ಮಾತುಗಳು ಏಣಿಯ ಎದೆಯಲ್ಲಿ ಗೋದಾಮಿನ ಚೀಲದ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ನಾಲ್ಕನೇ ಪೈಪಿನ ಬೆಚ್ಚಗಿನ ಮೂಲೆಯಲ್ಲಿ ಬೆಕ್ಕೊಂದು ಮರಿ ಹಾಕಿತ್ತು, ಅದನ್ನು ಹೇಳಬೇಕು. ಬೀಡಿ ಬಿಟ್ಟು ಎಂಟು ತಿಂಗಳಾಗಿತ್ತು, ಅವಳಿಗಿನ್ನೂ ಗೊತ್ತಿಲ್ಲ, ಹೇಳಬೇಕು. ಅವಳ ಕೂದಲಲ್ಲಿ ಬಿಳಿ ಬಂದಿದ್ದು ಗೇಟಿನ ದೀಪದಲ್ಲಿ ಕಂಡಿತ್ತು, ಚೆನ್ನಾಗಿದೆ ಅಂತ ಹೇಳಬೇಕು. ಅದನ್ನೆಲ್ಲ ಗೇಟಿನಲ್ಲಿ ಹೇಳೋದು ಹೇಗೆ? ಹಿಂದೆ ನಲವತ್ತು ಜನ ಕಾರ್ಡು ಹಿಡಿದು ನಿಂತಿರುತ್ತಾರೆ. ಒಂದೇ ಒಂದು ರಾತ್ರಿ ಇಬ್ಬರೂ ಒಟ್ಟಿಗಿರಬೇಕು, ಹಲಗೆಯ ಗೋಡೆ ಇರಬಾರದು, ಬೆಳಗಾಗುವ ತನಕ ಮಾತಾಡಬೇಕು. ಅಷ್ಟೇ ಅವನ ಆಸೆ.

ಆರು ತಿಂಗಳು ಸೂಪರ್‌ವೈಸರ್ ಸಾಹೇಬರ ಹಿಂದೆ ತಿರುಗಿ ಕೊನೆಗೆ ರಜೆ ಸಿಕ್ಕಿತು. ಅವಳಿಗೆ ಒಂದು ರಾತ್ರಿ, ಇವನಿಗೆ ಅದರ ಮರುದಿನದ ಹಗಲು. ಎಲ್ಲಿಗೆ ಹೋಗುವುದು? ಛತ್ರದಲ್ಲೂ ಗೋಡೆ ಇರುತ್ತದೆ, ಗೋಡೆಯಾಚೆ ಯಾವನೋ ಇರುತ್ತಾನೆ. ಆಗ ಹಾಲಿನ ಟ್ಯಾಂಕರು ಓಡಿಸುವ ಡ್ರೈವರಣ್ಣ ಉಪಾಯ ಹೇಳಿದ.

"ನಮ್ಮ ದಾರಿಯಲ್ಲಿ ಒಂದು ಗುಡ್ಡ ಇದೆ. ಮೇಲೆ ಮರ ಬಿಟ್ರೆ ನರಮನುಷ್ಯ ಇಲ್ಲ. ನನ್ನ ಹತ್ರ ಎರಡು ಜೋಲಿ ಇದಾವೆ, ಟ್ಯಾಂಕರ್ ಅಡಿಯಲ್ಲಿ ಕಟ್ಕೊಂಡು ಮಲಗೋವು. ಎರಡೆರಡು ಮರಕ್ಕೆ ಒಂದೊಂದು ಕಟ್ಟು. ಅರಮನೆ ಬೇಡ ಅಂತೀಯ ಆಮೇಲೆ."

"ಚಳಿ ಅಣ್ಣ?"

"ಅಲ್ಲೇ ಇರೋದು ನೋಡು. ಮೇಲೆ ಎರಡು ಕಂಬಳಿ ಹೊದ್ಕೊಂಡ್ರೂ ಜೋಲಿಲಿ ಚಳಿ ಕೆಳಗಿಂದ ಬರುತ್ತೆ. ಬೆನ್ನಿಗೇ ಬಂದು ಕಚ್ಚುತ್ತೆ. ಒಳಗೆ ಹಾಸ್ಕೊಂಡ್ರೆ ನಿನ್ನ ಭಾರಕ್ಕೆ ಉಣ್ಣೆ ಅಪ್ಪಚ್ಚಿಯಾಗಿ ಹಪ್ಪಳ ಆಗುತ್ತೆ. ಜೋಲಿಯ ಹೊರಗಡೆ, ಅಡಿಗೆ, ತೊಟ್ಟಿಲಿನ ಹಾಗೆ ಇಳಿಬಿಡ್ಬೇಕು."

ಉಣ್ಣೆಗೇನು ಬರ? ಹಳೆಯ ಟ್ಯಾಂಕರೊಂದನ್ನು ಗುಜರಿಗೆ ಹಾಕುವಾಗ ಅದರ ಮೈಗೆ ಸುತ್ತಿದ್ದ ಉಣ್ಣೆಯ ಹಾಸಿನಲ್ಲಿ ಒಳ್ಳೆಯದೊಂದು ತುಂಡು ಉಳಿದಿತ್ತು. ಸಾಹೇಬರು ಚೀಟಿ ಬರೆದು ಅದನ್ನು ಏಣಿಗೇ ಕೊಟ್ಟಿದ್ದರು. ಅಗಲ ನಾಲ್ಕಡಿ, ಉದ್ದ ಸರಿಯಾಗಿ ಒಂಬತ್ತಡಿ. ತಂಟೆ ಶುರುವಾದದ್ದು ಆ ಒಂಬತ್ತಡಿಯಿಂದ.

ರಜೆಯ ದಿನ ಬೆಳಿಗ್ಗೆ ಆರಕ್ಕೆ ಹೆಂಡತಿ ರಾತ್ರಿ ಪಾಳಿ ಮುಗಿಸಿ ಗೇಟಿಗೆ ಬಂದಳು. ಏಣಿ ಜೇಬಿನಿಂದ ಹುರಿ ತೆಗೆದು ಅವಳ ಮುಂದೆ ಮಂಡಿಯೂರಿದ.

"ಇದೇನ್ರೀ ಇದು, ಎಲ್ಲಾ ನೋಡ್ತಿದಾರೆ."

"ಅಳತೆ ಕಣೇ. ನೇರ ನಿಂತ್ಕೋ. ಉಸಿರು ಬಿಡು."

"ಉಸಿರು ಬಿಟ್ರೆ ಉದ್ದ ಹೆಚ್ಚು ಕಮ್ಮಿ ಆಗುತ್ತಾ?"

"ಪೈಪಿಗೆ ಆಗುತ್ತೆ."

ಕತ್ತಿನ ಹಿಂದಿನಿಂದ ಹಿಮ್ಮಡಿಯ ತನಕ ಹುರಿ ಹಿಡಿದು ಗಂಟು ಹಾಕಿದ. ಆಮೇಲೆ ಅವಳು ಅವನನ್ನು ಅಳೆಯಬೇಕು; ಅವನ ಕತ್ತಿಗೆ ಕೈ ಎಟುಕದೆ ಕಾರ್ಡಿನ ಯಂತ್ರದ ಕಟ್ಟೆ ಹತ್ತಿದಳು. ಸಾಲಿನಲ್ಲಿ ನಿಂತವರು ಏನಿದು ಎತ್ತ ಎಂದು ಕೇಳತೊಡಗಿದರು. ಹಿಂದಿನವನೊಬ್ಬ ಗಂಭೀರವಾಗಿ, "ಇಬ್ಬರಿಗೂ ಒಂದೇ ಸಲ ಅಳತೆ ತಗೋತಿದಾರೆ ಅಂದ್ರೆ ಬ್ಯಾಂಡ್ ಸೆಟ್ಟಿಗೆ ಸೇರಿದಾರೆ" ಅಂದ. ಐದು ನಿಮಿಷವೂ ಅಳತೆಗೇ ಹೋಯಿತು. ಕೀಲಿ ಕೊಡುವುದೂ ಮರೆತು, ಅವಳು ರಸ್ತೆ ದಾಟಿದ ಮೇಲೆ ಏಣಿ ಓಡಿಹೋಗಿ ಕೊಟ್ಟು ಬಂದ.

"ಹಗಲೆಲ್ಲ ಚೆನ್ನಾಗಿ ಮಲಗು. ರಾತ್ರಿ ಮಾತಾಡ್ಬೇಕು" ಅಂದ.

"ನಿದ್ದೆ ಬಂದ್ರೆ ತಾನೆ" ಅಂದಳು. ಮದುವೆಯ ಹಿಂದಿನ ದಿನದ ಹಾಗೆ ಇತ್ತು ಅವಳ ಮುಖ.

ಬಾಯ್ಲರ್ ಮನೆಯಲ್ಲಿ ಲೆಕ್ಕ ಹಾಕಿದಾಗ ಏಣಿಯ ಮುಖ ಇಳಿಯಿತು. ಕತ್ತಿನಿಂದ ಹಿಮ್ಮಡಿಗೆ ಅವನದೇ ಐದೂಕಾಲಡಿ. ಪೈಪು ಸುತ್ತುವವರಲ್ಲಿ ಒಂದು ನೇಮ ಇದೆ: ಎಷ್ಟು ಉದ್ದ ಇದೆಯೋ ಅದಕ್ಕೆ ಎರಡೂ ತುದಿಗೆ ಒಂದೊಂದು ಅಂಗೈ ಸೇರಿಸಿ ಕತ್ತರಿಸಬೇಕು, ಇಲ್ಲದಿದ್ದರೆ ತುದಿಯಲ್ಲಿ ಬಾಯಿ ಬಿಡುತ್ತದೆ. ಹಾಗೆ ಸೇರಿಸಿದರೆ ಅವನಿಗೇ ಆರಡಿ ಹತ್ತಿರ ಬೇಕು. ಉಳಿಯುವುದು ಮೂರಡಿ. ಆ ಮೂರಡಿಯಲ್ಲಿ ಹೆಂಡತಿಯ ಬೆನ್ನು ಮುಗಿಯುವಷ್ಟರಲ್ಲಿ ಉಣ್ಣೆಯೂ ಮುಗಿಯುತ್ತದೆ.

ಡ್ರೈವರಣ್ಣ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. "ನೀನು ಪೂರ್ತಿ ಉದ್ದ ಯಾಕೆ ಹಾಕ್ತೀಯ? ಮುಕ್ಕಾಲು ಸಾಕು. ಭುಜದಿಂದ ಮೀನಖಂಡದ ತನಕ. ಕಾಲ ಕೆಳಗೆ ನಿನ್ನ ಚೀಲ ಇಟ್ಕೋ. ನಾನು ಹದಿನೆಂಟು ವರ್ಷದಿಂದ ಮುಕ್ಕಾಲಲ್ಲೇ ಮಲಗ್ತಿರೋದು."

ಬಾಯ್ಲರ್ ನೋಡಿಕೊಳ್ಳುವ ಹಿರಿಯ, ಎಲ್ಲರಿಗೂ ಬಾಯ್ಲರ್ ಮಾಮ, ಒಲೆಯ ಬಾಗಿಲು ಧಡಾರನೆ ಮುಚ್ಚಿದ. "ಅದಕ್ಕೇ ನಿನ್ನ ಬುದ್ಧಿ ಮುಕ್ಕಾಲು. ಕಾಲು ತಣ್ಣಗಿದ್ರೆ ನಿದ್ದೆ ಎಲ್ಲಿಂದ ಬರುತ್ತೆ? ನಲವತ್ತು ವರ್ಷ ಬೆಂಕಿ ಮುಂದೆ ಕೂತವನು ಹೇಳ್ತಿದೀನಿ ಕೇಳು ಏಣಿ. ಹಿಮ್ಮಡಿ ಬೆಚ್ಚಗಿದ್ರೆ ಮನುಷ್ಯ ಬೆಚ್ಚಗೆ."

"ಮಾಮ, ಹಾಗಾದ್ರೆ ಅವಳಿಗೇನು ಹಾಕ್ಲಿ?"

"ಸ್ಟೋರಿನಲ್ಲಿ ಗಾಜಿನ ಉಣ್ಣೆ ರಾಶಿ ಬಿದ್ದಿದೆಯಲ್ಲ."

"ಅದನ್ನ ಹಾಕ್ಕೊಂಡ್ರೆ ಮಾತೆಲ್ಲಿ ಮಾಮ, ರಾತ್ರಿಯೆಲ್ಲ ಕೆರ್ಕೊಂಡು ಕೂರ್ಬೇಕು."

ಗದ್ದಲ ಕೇಳಿ ಲ್ಯಾಬಿನ ಅಕ್ಕ ಬಂದಳು. ಹಾಲಿಗೆ ಉಷ್ಣಮಾಪಕ ಅದ್ದಿ ನೋಡಿ ಪಾಸು ಫೇಲು ಅನ್ನುವವಳು. ಯಾವ ಮಾತಿಗೂ ಅಂಕಿ ಇಲ್ಲದೆ ಒಪ್ಪುವವಳಲ್ಲ. "ಬಾಯಿ ಮಾತಲ್ಲಿ ಯಾಕೆ ಕಾದಾಡ್ತೀರಿ? ಬೆಣ್ಣೆಯ ಕೋಲ್ಡ್ ರೂಮಿದೆ, ನಾಲ್ಕು ಡಿಗ್ರಿ. ಗುಡ್ಡದ ಮೇಲೂ ಅಷ್ಟೇ ಇರುತ್ತೆ. ಜೋಲಿ ಕಟ್ಟಿ ಇವನನ್ನ ಮಲಗ್ಸಿ. ನಾನು ಮೂರು ಕಡೆ ಮಾಪಕ ಸಿಕ್ಕಿಸ್ತೀನಿ. ಎಲ್ಲಿ ಸೋರುತ್ತೆ ಅಂತ ಗೊತ್ತಾಗುತ್ತೆ."

ಕೆಲಸದ ಹೊತ್ತಿನಲ್ಲಿ ಇದು ಬೇಡ ಎಂದು ಏಣಿ ಅಂದ. ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಹತ್ತು ಗಂಟೆಗೆ ಕೋಲ್ಡ್ ರೂಮಿನ ಎರಡು ಕಬ್ಬಿಣದ ಕಂಬದ ನಡುವೆ, ಬೆಣ್ಣೆಯ ಪೆಟ್ಟಿಗೆಗಳ ಮಧ್ಯೆ, ಏಣಿ ತೂಗುತ್ತಿದ್ದ. ಅಡಿಗೆ ಉಣ್ಣೆಯ ಹಾಸನ್ನು ಮುಕ್ಕಾಲು ಉದ್ದಕ್ಕೆ ಮಡಿಸಿ ಕಟ್ಟಿದ್ದರು. ಮೇಲೆ ಮೂಗಿನ ತನಕ ಕಂಬಳಿ. ಭುಜದ ಹತ್ತಿರ, ಸೊಂಟದ ಹತ್ತಿರ, ಹಿಮ್ಮಡಿಯ ಹತ್ತಿರ ತಂತಿಯ ಮಾಪಕ ಇಳಿಬಿದ್ದಿತ್ತು. ಅರ್ಧ ಗಂಟೆ ಅಲುಗಾಡಬೇಡ ಎಂದು ಅಪ್ಪಣೆ ಮಾಡಿ ಅಕ್ಕ, ಮಾಮ, ಅಣ್ಣ ಮೂವರೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಲ್ಲಿ, ಬೆಣ್ಣೆಯ ವಾಸನೆಯಲ್ಲಿ ತೂಗುತ್ತ, ಏಣಿ ಪಕ್ಕದಲ್ಲಿ ಇನ್ನೊಂದು ಜೋಲಿ ಇದೆ ಅಂದುಕೊಂಡ. ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ. ಮೊದಲು ಬೆಕ್ಕಿನ ವಿಷಯ ಹೇಳೋಣ, ಅವಳು ನಗುತ್ತಾಳೆ. ನಕ್ಕ ಮೇಲೆ ಬೀಡಿಯ ವಿಷಯ. ಕೂದಲಿನದು ಕೊನೆಗೆ, ಸ್ವಲ್ಪ ಧೈರ್ಯ ಬಂದ ಮೇಲೆ. ಹೀಗೆ ಸಾಲಾಗಿ ಜೋಡಿಸುತ್ತಿರುವಾಗ ಅವನಿಗೆ ಇದ್ದಕ್ಕಿದ್ದ ಹಾಗೆ ಬೆಳಕಾಯಿತು. ಹೆಂಡತಿಯ ಹುರಿಯ ಅಳತೆ ನಾಲ್ಕಡಿಗಿಂತ ಚೂರು ಕಮ್ಮಿ. ಎರಡು ಅಂಗೈ ಸೇರಿಸಿದರೆ ನಾಲ್ಕೂವರೆ. ಒಂಬತ್ತಡಿಯ ಅರ್ಧ ನಾಲ್ಕೂವರೆ. ನಡುವಿಗೆ ಕತ್ತರಿಸಿದರೆ ಅದೇ ತುಂಡು ಅವಳಿಗೆ ಪೂರ್ತಿ, ಇವನಿಗೆ ಮುಕ್ಕಾಲು. ಇವನ ಕಾಲು ತಣ್ಣಗಿದ್ದರೆ ಇರಲಿ ಬಿಡಿ. ಆರು ವರ್ಷ ಮಂಚದ ಹೊರಗೇ ಇದ್ದ ಕಾಲು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಂದದ್ದು ಅಕ್ಕ ಅಲ್ಲ. ಸೂಪರ್‌ವೈಸರ್ ಸಾಹೇಬರು, ಅವರ ಹಿಂದೆ ಕನ್ನಡಕದ ತಪಾಸಣಾ ಅಧಿಕಾರಿ. ಮುನ್ಸೂಚನೆ ಇಲ್ಲದೆ ವರ್ಷಕ್ಕೊಮ್ಮೆ ಬರುವವರು. ಏಣಿ ಕಂಬಳಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಉಸಿರು ಹಿಡಿದ.

"ಇದೇನು?" ಅಧಿಕಾರಿಗಳು ಕೇಳಿದರು.

ಸಾಹೇಬರಿಗೂ ಗೊತ್ತಿಲ್ಲ. ಆದರೆ ತನ್ನ ಡೇರಿಯಲ್ಲಿ ತನಗೆ ಗೊತ್ತಿಲ್ಲದ್ದು ಇದೆ ಎಂದು ಯಾವ ಸೂಪರ್‌ವೈಸರ್ ಒಪ್ಪಿಕೊಳ್ಳುತ್ತಾನೆ? ಉದ್ದಕ್ಕಿದೆ, ಉಣ್ಣೆ ಸುತ್ತಿದೆ, ತೂಗುತ್ತಿದೆ. "ಪೈಪು ಸರ್. ಹೊಸದು" ಅಂದರು.

ಅಧಿಕಾರಿಗಳು ಬಗ್ಗಿ ಮಾಪಕ ಓದಿದರು. "ಮೂವತ್ತೈದು ತೋರಿಸ್ತಿದೆ. ಏನು ಹರಿಯುತ್ತೆ ಇದರಲ್ಲಿ?"

"ಹಾಲು ಸರ್."

"ಬೆಣ್ಣೆ ರೂಮಲ್ಲಿ ಮೂವತ್ತೈದು ಡಿಗ್ರಿ ಹಾಲು?"

"ಈಗಷ್ಟೇ ಕರೆದದ್ದು ಸರ್."

ಅಧಿಕಾರಿಗಳು ಉಣ್ಣೆಯ ಹೊರಮೈ ಮುಟ್ಟಿ ನೋಡಿದರು. ಮಂಜಿನಂತೆ ತಣ್ಣಗಿತ್ತು. "ಒಳಗೆ ಮೂವತ್ತೈದು, ಹೊರಗೆ ಇಷ್ಟು ತಣ್ಣಗೆ. ಭಲೇ ಕೆಲಸ. ಇಡೀ ಡೇರಿಯಲ್ಲಿ ಇಷ್ಟು ಚೆನ್ನಾಗಿ ಸುತ್ತಿದ ಪೈಪು ನಾನು ನೋಡ್ಲಿಲ್ಲ." ಸಾಹೇಬರ ಎದೆ ಎರಡಿಂಚು ಉಬ್ಬಿತು. ಅಧಿಕಾರಿಗಳು ಮುಂದಕ್ಕೆ ಸರಿದು ಇನ್ನೊಂದು ಮಾಪಕ ಓದಿದರು. "ಆದ್ರೆ ಈ ತುದಿಯಲ್ಲಿ ಹದಿನೇಳಕ್ಕೆ ಇಳಿದಿದೆ. ಇಲ್ಲಿ ಹೊದಿಕೆ ಸಾಲ್ದು. ಬಾಯಿ ಬಿಟ್ಟಿದೆ." ಎಂದು ಪೆನ್ನಿನ ತುದಿಯಿಂದ ಆ ಜಾಗ ಗೀರಿದರು.

ಅದು ಏಣಿಯ ಅಂಗಾಲು. ಪೈಪು ಕಿಸಕ್ಕನೆ ನಕ್ಕಿತು.

ಅಧಿಕಾರಿಗಳು ಎರಡು ಹೆಜ್ಜೆ ಹಿಂದೆ ಹಾರಿ ಬೆಣ್ಣೆಯ ಪೆಟ್ಟಿಗೆಯ ಮೇಲೆ ಕೂತರು. ಪೈಪು ಎದ್ದು ಕೂತು "ಕ್ಷಮಿಸಿ ಸರ್, ಅಲ್ಲಿ ಕಚಗುಳಿ" ಅಂದಿತು.

ಅವರು ಒಳ್ಳೆಯವರೇ. ತುಂಬ ಹೊತ್ತು ಏಣಿಯನ್ನೂ ಉಣ್ಣೆಯನ್ನೂ ನೋಡಿ, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಸಾಹೇಬರು ಇಣುಕಿ ಓದಿದರು. ಈ ಡೇರಿಯಲ್ಲಿ ಸರಿಯಾದ ಹೊದಿಕೆ ಇರುವುದು ಒಬ್ಬ ನೌಕರನಿಗೆ ಮಾತ್ರ, ಹಿತ್ತಲಿನ ತಣ್ಣೀರಿನ ಪೈಪು ಮೂವತ್ತಡಿ ಬೆತ್ತಲೆ ಇದೆ ಎಂದಿತ್ತು.

ಅಧಿಕಾರಿಗಳ ಕಾರು ಗೇಟು ದಾಟಿದ ಕೂಡಲೇ ಸಾಹೇಬರು ಬಾಯ್ಲರ್ ಮನೆಗೆ ಬಂದರು. ಅವರು ಕೂಗಲಿಲ್ಲ. ಕೂಗದಿದ್ದರೆ ಇನ್ನೂ ಭಯ.

"ಆ ಮೂವತ್ತಡಿ ಇವತ್ತು ಸಂಜೆ ಆರರೊಳಗೆ ಮುಗೀಬೇಕು. ಮುಗಿದ್ರೆ ರಜೆ ಉಂಟು. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಆರಕ್ಕೆ ನಿನ್ನ ಕಾರ್ಡು ಬಿದ್ದಿರ್ಬೇಕು."

"ಸಾಹೇಬ್ರೇ, ಅದು ಎರಡು ದಿನದ ಕೆಲಸ."

"ಮಲಗೋಕೆ ಅರ್ಧ ಗಂಟೆ ಇತ್ತಲ್ಲ."

ಸ್ಟೋರಿಗೆ ಹೋಗಿ ಮಾಮ ಹೇಳಿದ ಗಾಜಿನ ಉಣ್ಣೆಯ ರಾಶಿ ಬಿಚ್ಚಿ ಅಳೆದರೆ ಇದ್ದದ್ದು ಇಪ್ಪತ್ತೊಂದಡಿ. ಒಂಬತ್ತಡಿ ಕಮ್ಮಿ. ಸ್ಟೋರಿನವನು ಏಣಿಯ ಬಗಲಿನಲ್ಲಿದ್ದ ಸುರುಳಿಯನ್ನು ನೋಡಿದ. ಏಣಿ ಅದನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡ. ಉಣ್ಣೆ ಕೊಟ್ಟರೆ ರಜೆ ಉಳಿಯುತ್ತದೆ, ಗುಡ್ಡ ಹೋಗುತ್ತದೆ. ಕೊಡದಿದ್ದರೆ ರಜೆಯೇ ಹೋಗುತ್ತದೆ. ಆ ಅಷ್ಟುದ್ದದ ಆಳು ಸ್ಟೋರಿನ ಮೆಟ್ಟಿಲ ಮೇಲೆ ಮಡಿಚಿಟ್ಟ ಕುರ್ಚಿಯ ಹಾಗೆ ಕೂತುಬಿಟ್ಟ.

ಮೂವರೂ ಅವನನ್ನು ಹಾಗೆ ನೋಡಿದರು. ತಂದಿಟ್ಟವರು ತಾವೇ ತಾನೆ. ಮಾಮ ಒಳಗೆ ಹೋಗಿ ತಾನು ಮಧ್ಯಾಹ್ನ ಉರುಳಿಕೊಳ್ಳುವ ಕಂಬಳಿ ತಂದ. "ಆರಡಿ ಇದೆ. ಪೈಪಿಗೆ ಸುತ್ತು." ಡ್ರೈವರಣ್ಣ ಟ್ಯಾಂಕರಿನ ಸೀಟಿನ ಮೇಲಿನ ದಪ್ಪ ಹಾಸು ಕಿತ್ತು ತಂದ. ಅದು ಮೂರಡಿ. "ಇನ್ಮೇಲೆ ನನ್ನ ಬೆನ್ನು ಸ್ಪ್ರಿಂಗ್ ಮೇಲೆ" ಅಂದ.

"ನೀನು ಸುತ್ತಕ್ಕೆ ಹೋಗು ತಮ್ಮಾ" ಅಂದಳು ಲ್ಯಾಬಿನ ಅಕ್ಕ. "ನಿನ್ನ ಹಾಸನ್ನ ನಾವು ಕತ್ತರಿಸಿ ಕೊಕ್ಕೆ ಹೊಲಿದಿಡ್ತೀವಿ. ಎಷ್ಟಕ್ಕೆ ಕತ್ತರಿಸ್ಲಿ?"

"ಸರಿ ಅರ್ಧಕ್ಕೆ ಅಕ್ಕ. ಅವಳಿಗೆ ಪೂರ್ತಿ, ನನಗೆ ಮುಕ್ಕಾಲು."

"ನಿನ್ನ ಹಿಮ್ಮಡಿ ಹದಿನೇಳು ಕಣೋ. ಅದು ಮೊಸರಿಗಿಂತ ತಣ್ಣಗೆ."

"ಇರ್ಲಿ ಬಿಡಕ್ಕ. ಮಾತಾಡೋಕೆ ಕಾಲು ಬೇಕಾಗಿಲ್ಲ."

ಆ ಮಾತು ಕೇಳಿ ಅಕ್ಕ ಮುಖ ತಿರುಗಿಸಿ ಕಣ್ಣಿಗೆ ಏನೋ ಬಿತ್ತು ಅಂದಳು. ಮಾಮನಿಗೂ ಅದೇ ಹೊತ್ತಿಗೆ ಏನೋ ಬಿತ್ತು.

ಹನ್ನೊಂದರಿಂದ ಏಣಿ ಮಾಡಿದ ಕೆಲಸವನ್ನು ಈಗಲೂ ಡೇರಿಯಲ್ಲಿ ಹೇಳುತ್ತಾರೆ. ಊಟಕ್ಕೆ ಬಿಡಲಿಲ್ಲ, ನೀರಿಗೆ ಬಿಡಲಿಲ್ಲ. ಹುರಿಯನ್ನು ಹಲ್ಲಲ್ಲಿ ಕಚ್ಚಿ, ಎರಡು ಕೈಯಲ್ಲಿ ಉಣ್ಣೆ ಒತ್ತಿ, ಜೇಡನ ಹಾಗೆ ಪೈಪಿನ ಸುತ್ತ ತಿರುಗಿದ. ಐದೂ ಐವತ್ತಕ್ಕೆ ಕೊನೆಯ ಗಂಟು ಬಿತ್ತು. ಸಾಹೇಬರು ಬಂದು ಮೂವತ್ತಡಿಯನ್ನೂ ಬೆರಳಿಂದ ಒತ್ತಿ ನೋಡಿದರು. ಮಾಮನ ಕಂಬಳಿಯ ಹತ್ತಿರ ಬಂದಾಗ ಸ್ವಲ್ಪ ನಿಂತರು, ಮೂಸಿದರು, ರಜೆಯ ಚೀಟಿಗೆ ಸಹಿ ಹಾಕಿದರು.

ಗೇಟಿನಲ್ಲಿ ಅವಳು ನಿಂತಿದ್ದಳು. ಆರು ವರ್ಷದಲ್ಲಿ ಮೊದಲ ಸಲ, ಸಂಜೆ ಆರಕ್ಕೆ, ಒಳಗೆ ಹೋಗದೆ. ಹಗಲೆಲ್ಲ ಕಣ್ತುಂಬ ಮಲಗಿ ಎದ್ದ ಮುಖ, ಬೇರೆ ಸೀರೆ, ಕೈಯಲ್ಲೊಂದು ಚೀಲ. ಏಣಿ ಅಭ್ಯಾಸಬಲದಿಂದ ಕೀಲಿಗೆ ಕೈ ಚಾಚಿದ. ಅವಳು ಕೀಲಿಯ ಬದಲು ತನ್ನ ಕೈಯನ್ನೇ ಅವನ ಅಂಗೈಯಲ್ಲಿಟ್ಟಳು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಇವನು ಹಾಗೇ ಹಿಡಿದುಕೊಂಡು ನಿಂತ.

ಮಾಮ ಜೋಲಿ, ಉಣ್ಣೆ ಸೇರಿಸಿ ಕಟ್ಟಿದ ಗಂಟು ತಂದುಕೊಟ್ಟು, "ಕತ್ತಲಾಗೋ ಮುಂಚೆ ಕಟ್ಟಿ. ಅಲ್ಲಿ ಹೋಗೋ ತನಕ ಬಿಚ್ಬೇಡ" ಅಂದ.

ಡ್ರೈವರಣ್ಣ ಟ್ಯಾಂಕರಿನಲ್ಲಿ ಕೂರಿಸಿಕೊಂಡ. ದಾರಿ ಅರ್ಧ ಗಂಟೆ. ದಾರಿಯುದ್ದಕ್ಕೂ ಜೋಲಿ ಕಟ್ಟುವುದು ಹೇಗೆ, ಹತ್ತುವುದು ಹೇಗೆ, ಇಳಿಯುವುದು ಹೇಗೆ ಎಂದು ಅವನೊಬ್ಬನೇ ಮಾತಾಡಿದ. ಗಂಡ ಹೆಂಡತಿ ನಡುವೆ ಗಂಟು ಇಟ್ಟುಕೊಂಡು ಹ್ಞಾಂ ಹೂಂ ಅನ್ನುತ್ತಿದ್ದರು. ಅವರಿಗೆ ಅವಸರವಿರಲಿಲ್ಲ. ಮುಂದೆ ಇಡೀ ರಾತ್ರಿ ಇತ್ತು.

ಗುಡ್ಡದ ಮೇಲೆ ಬಿಟ್ಟು ಟ್ಯಾಂಕರು ಇಳಿದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಎಂಥಾ ಮೌನ ಬಂತೆಂದರೆ ಇಬ್ಬರಿಗೂ ನಾಚಿಕೆಯಾಯಿತು. ಇನ್ನೂ ಸ್ವಲ್ಪ ಬೆಳಕಿತ್ತು. ಏಣಿ ಮರ ನೋಡಿ ಎರಡು ಜೋಲಿ ಕಟ್ಟಿದ, ಸರಿಯಾಗಿ ಒಂದು ಮೊಳ ಅಂತರದಲ್ಲಿ. ಅವಳ ಜೋಲಿಯ ಅಡಿಗೆ ಅವಳ ತುಂಡು ಕಟ್ಟಿದ. ಕತ್ತಿನಿಂದ ಹಿಮ್ಮಡಿಗೆ, ಎರಡು ತುದಿಗೂ ಒಂದೊಂದು ಅಂಗೈ. ಅವಳು ಹತ್ತಿ ಮಲಗಿದಳು.

"ಬೆನ್ನಿಗೆ ಚಳಿ ಇದೆಯಾ?"

"ಇಲ್ಲ."

"ಕಾಲಿಗೆ?"

"ಇಲ್ಲಾರೀ. ಬೆಕ್ಕಿನ ಹೊಟ್ಟೆ ಮೇಲೆ ಮಲಗ್ದಂಗಿದೆ. ನೀವು ಬನ್ನಿ."

ಬೆಕ್ಕು ಅಂದದ್ದೇ ಏಣಿಗೆ ಮಾತು ಗಂಟಲಿಗೆ ಬಂತು. ತನ್ನ ತುಂಡು ಬಿಚ್ಚಿದ. ಬಿಚ್ಚಿದರೆ ಅದು ಮುಗಿಯಲೇ ಇಲ್ಲ. ನಾಲ್ಕೂವರೆ ಅಡಿಯಾದ ಮೇಲೂ ಇತ್ತು. ಬಾಯ್ಲರಿನ ದೊಡ್ಡ ವಾಲ್ವಿಗೆ ತೊಡಿಸುವ ಉಣ್ಣೆಯ ಚೀಲವೊಂದನ್ನು ಮಾಮ ಬಿಚ್ಚಿ, ಒಗೆದು, ಬಿಸಿಲಿಗೆ ಹಾಕಿ, ಏಣಿಯ ಕಾಲಿನ ತುದಿಗೆ ಸೇರಿಸಿದ್ದ. ಹೊಲಿಗೆ ಅಕ್ಕನದು, ಒಂದೊಂದೂ ಅಳೆದು ಹಾಕಿದ ಹಾಗೆ. ಎರಡು ಪಾದ ತೂರಿಸಿದರೆ ಮೀನಖಂಡದ ತನಕ ನುಂಗಿಕೊಂಡಿತು. ಎಂಥಾ ಜನ ಎಂದು ಏಣಿಯ ಕಣ್ಣು ತುಂಬಿತು. ಪಾದ ಬೆಚ್ಚಗಾಯಿತು. ಬೆಚ್ಚಗಿನದು ಮೆಲ್ಲಗೆ ಮಂಡಿಗೆ ಹತ್ತಿತು, ಸೊಂಟಕ್ಕೆ ಹತ್ತಿತು, ಭುಜಕ್ಕೆ ಬಂತು. ಮೈಯಲ್ಲಿ ಎಲ್ಲೂ ಒಂದು ಸಾಸಿವೆಯಷ್ಟು ಚಳಿ ಉಳಿಯಲಿಲ್ಲ.

ಮೇಲೆ ಒಂದೊಂದೇ ನಕ್ಷತ್ರ ಬರುತ್ತಿತ್ತು. ಪಕ್ಕದ ಜೋಲಿಯಿಂದ ಅವಳ ಕೈ ಬಂದು ಇವನ ಕೈ ಹಿಡಿಯಿತು.

"ನೀವು ಮೊದಲು ಹೇಳಿ" ಅಂದಳು.

"ಇಲ್ಲ, ನೀನೇ."

"ನೀವೇ."

ಸರಿ ಎಂದು ಏಣಿ ಉಸಿರೆಳೆದು, ನಾಲ್ಕನೇ ಪೈಪಿನ ಹತ್ತಿರ ಒಂದು ಬೆಕ್ಕು ಎಂದು ಹೇಳಲು ಬಾಯಿ ತೆರೆದ.

ಬಾಯಿ ತೆರೆದದ್ದು ನಿಜ. ಮುಚ್ಚುವಷ್ಟರಲ್ಲಿ ಕಣ್ಣಿಗೆ ಬಿಸಿಲು ಬಿತ್ತು.

ಏಣಿ ಕಣ್ಣುಜ್ಜಿಕೊಂಡ. ಮರದಲ್ಲಿ ಹಕ್ಕಿಗಳು ಸಂತೆ ನೆರೆದಿದ್ದವು. ಪಕ್ಕದಲ್ಲಿ ಹೆಂಡತಿ ಅಂಗಾತ ಮಲಗಿ, ಇನ್ನೂ ಅವನ ಕೈ ಹಿಡಿದುಕೊಂಡು, ಮುಗುಳ್ನಗುತ್ತಿದ್ದಳು. ಕಣ್ಣು ಕೆಂಪಗಿದ್ದವು. ರಾತ್ರಿಯಿಡೀ ಎದ್ದಿರುವುದು ಆರು ವರ್ಷದಿಂದ ಅವಳ ಕೆಲಸವೇ ತಾನೆ. ಈಗ ಅವಳ ಪಾಳಿ ಮುಗಿಯುವ ಹೊತ್ತು, ರೆಪ್ಪೆ ಎಳೆಯುತ್ತಿತ್ತು.

"ಆರು ವರ್ಷದ್ದೆಲ್ಲ ಹೇಳ್ಬಿಟ್ಟೆ ರೀ" ಅಂದಳು. "ನಡುವೆ ಒಂದ್ಸಲ ಅಳುನೂ ಬಂತು. ನೀವು ಒಂದು ಮಾತೂ ಅಡ್ಡ ಬರ್ಲಿಲ್ಲ. ಹೀಗೆ ಕೇಳಿಸ್ಕೊಳ್ಳೋ ಗಂಡ ಯಾರಿಗಿದಾನೆ. ಎದೆ ಹತ್ತಿ ಆಗಿದೆ."

ಏಣಿ ಅವಳ ಕಡೆ ಹೊರಳಿದ. "ಎಲ್ಲಾ ಹೇಳಿದ್ಯಾ?"

"ಎಲ್ಲಾ. ಮಧ್ಯೆ ನಿಮಗೆ ನಿದ್ದೆ ಬಂತೇನೋ ಅಂತ ಒಂದ್ಸಲ ಅನುಮಾನ ಬಂತು. ನಿದ್ದೆ ಆಗಿದ್ರೆ ಗೊರಕೆ ಕೇಳಿಸ್ಬೇಕಿತ್ತಲ್ಲ, ಓನರಮ್ಮ ಹೇಳ್ತಿರ್ತಾರೆ ಗೋಡೆ ಅದುರುತ್ತೆ ಅಂತ. ನೀವು ಮಗು ಹಾಗೆ ಸುಮ್ಮನೆ ಕೇಳ್ತಿದ್ರಿ."

ಅದು ಜೋಲಿಯ ಗುಣ. ಬೆನ್ನು ಬಾಗಿ ಮಲಗಿದರೆ ಎಂಥವನ ಗೊರಕೆಯೂ ನಿಲ್ಲುತ್ತದೆ. ಏಣಿಗೆ ಅದು ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

"ಮತ್ತೆ ಆ ಕೆಲಸದ ವಿಷಯ" ಎಂದು ಅವಳು ಆಕಳಿಸಿದಳು. "ಬೆಳಗಿನ ಜಾವ ಸಾಹೇಬ್ರಿಗೆ ಫೋನ್ ಮಾಡಿ ಹೂಂ ಅಂದ್ಬಿಟ್ಟೆ."

"ಯಾವ ವಿಷಯ?"

"ಅದೇ ಹೇಳಿದ್ನಲ್ಲ. ಹಗಲು ಪಾಳಿಗೆ ಬರ್ತೀಯೋ, ಇಲ್ಲಾ ರಾತ್ರಿಗೇ ಮುಖ್ಯಸ್ಥೆ ಆಗಿರ್ತೀಯೋ ಅಂತ ಕೇಳಿದಾರೆ ಅಂತ. ರಾತ್ರಿದಾದ್ರೆ ಕೂರಕ್ಕೆ ಕುರ್ಚಿ ಕೊಡ್ತಾರೆ, ಮೂರು ವರ್ಷ ಬದಲಾಯಿಸೋ ಹಾಗಿಲ್ಲ. ನನ್ನ ಕಾಲು ನಿಂತೂ ನಿಂತೂ ಬಾವು ಬರುತ್ತೆ ಅಂತ ಹೇಳಿದೆ, ನೆನಪಿದೆ ತಾನೆ? ಆದ್ರೂ ನಿಮಗೆ ನಾನು ಹಗಲಿಗೆ ಬರೋದು ಬೇಕಿದ್ರೆ ಒಂದೇ ಒಂದು ಮಾತು ಹೇಳಿ, ಕುರ್ಚಿ ಬೇಡ ಅಂತೀನಿ ಅಂದೆ. ಆ ನಕ್ಷತ್ರ ಈ ಕೊಂಬೆ ದಾಟೋ ತನಕ ಕಾದೆ. ನೀವು ಮಾತಾಡ್ಲಿಲ್ಲ. ನನ್ನ ಕಾಲಿಗೋಸ್ಕರ ನಿಮ್ಮ ಆಸೆನೇ ನುಂಗ್ಕೊಂಡ್ರಿ ಅಂತ ನನಗೆ ಗೊತ್ತಾಯ್ತು."

ಏಣಿ ಆಕಾಶ ನೋಡಿದ. ಆ ನಕ್ಷತ್ರ ಈಗ ಇರಲಿಲ್ಲ. ಒಂದು ಮಾತು. ಬೇಡ ಅನ್ನುವುದಕ್ಕೆ ಎರಡೇ ಅಕ್ಷರ ಬೇಕಿತ್ತು. ಪಾದ ಒಂದು ಚೂರು ತಣ್ಣಗಿದ್ದಿದ್ದರೆ ಸಾಕಿತ್ತು, ಎಚ್ಚರವಾದರೂ ಇರುತ್ತಿತ್ತು.

"ಪೂರ್ತಿ ಕೇಳಿಸ್ಕೊಂಡ್ರಿ ತಾನೆ?" ಅರ್ಧ ನಿದ್ದೆಯಲ್ಲಿ ಅವಳು ಕೇಳಿದಳು.

ಅವಳ ಮುಖ ನೋಡಿದ. ಆರು ವರ್ಷದಲ್ಲಿ ಅಷ್ಟು ಹಗುರಾದ ಮುಖವನ್ನು ಅವನು ಕಂಡಿರಲಿಲ್ಲ.

"ಒಂದಕ್ಷರ ಬಿಡದೆ" ಅಂದ.

ಅವಳಿಗೆ ನಿದ್ದೆ ಹತ್ತಿತು. ಏಣಿ ಕೈ ಬಿಡಿಸಿಕೊಳ್ಳಲಿಲ್ಲ. ಸಂಜೆ ಆರಕ್ಕೆ ಅವಳ ಪಾಳಿ. ಅದರ ತನಕ, ಬಿಸಿಲು ಮರದಿಂದ ಮರಕ್ಕೆ ಸರಿಯುತ್ತಿರುವಾಗ, ಅವನು ಬೆಕ್ಕಿನ ವಿಷಯ, ಬೀಡಿಯ ವಿಷಯ, ಬಿಳಿ ಕೂದಲಿನ ವಿಷಯ ಎಲ್ಲವನ್ನೂ ಮೆಲ್ಲಗೆ, ಎಚ್ಚರವಾಗದ ಹಾಗೆ, ಅವಳಿಗೆ ಹೇಳಿದ. ಮೂರು ಮರಿಯಲ್ಲಿ ಒಂದು ಕರಿಯದು ಎಂಬುದನ್ನೂ ಬಿಡಲಿಲ್ಲ.

ಇಷ್ಟೇ ಕತೆ. ಸಾಹೇಬರು ಬರುವ ವರ್ಷ ಇನ್ನೊಂದು ರಾತ್ರಿ ರಜೆ ಕೊಡುತ್ತೇನೆ ಅಂದಿದ್ದಾರಂತೆ. ಈಗ ನೀವು ಒಂದು ಉಪಕಾರ ಮಾಡಬೇಕು. ಮನೆಗೆ ಹೋಗಿ ಅಟ್ಟ ಹುಡುಕಿ. ಒಗೆದು ಒಗೆದು ಕುಗ್ಗಿದ್ದೋ, ಇಲಿ ಕಡಿದದ್ದೋ, ಹಳೆಯ ಕಂಬಳಿ ಒಂದಿರುತ್ತದೆ, ತಂದು ನನ್ನ ಕೈಗೆ ಕೊಡಿ, ನಾನು ಏಣಿಗೆ ತಲುಪಿಸುತ್ತೇನೆ. ಒಂದು ಮಾತು ಮಾತ್ರ ನೆನಪಿರಲಿ: ಏಣಿಯ ಮಂಡಿಯಿಂದ ಒಂದು ಬೆರಳು ಕೆಳಗೆ ಬಂದರೂ ನಾನು ಮುಟ್ಟುವುದಿಲ್ಲ.